ಪೇಟಿ ಮಾಸ್ತರನೂ ಪೇಟೆ ಮಾಸ್ತರನೂ

ನಾನು ಪೇಟಿ ಮಾಸ್ತರ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರು ಕಡೆ ಇಷ್ಟು ಹೇಳಿದರೆ ಸಾಕು, ಮುಂದಿನ ಪ್ರಶ್ನೆ ಬರುವುದಿಲ್ಲ. ಕೂಡಲು ಚಾಪೆ ಬರುತ್ತದೆ, ಹಿಂದೆಯೇ ಚಹಾ ಬರುತ್ತದೆ. ಪೇಟಿ ಎಂದರೆ ಹಾರ್ಮೋನಿಯಂ. ಅದನ್ನು ನುಡಿಸುವವನು ಮಾಸ್ತರ, ಅವನು ಯಾರಿಗೂ ಒಂದಕ್ಷರ ಕಲಿಸದಿದ್ದರೂ ಸರಿಯೆ. ಇಂಥ ನಾನು ಸ್ವಲ್ಪ ಕಾಲ ಸರಕಾರದ ದಾಖಲೆಯಲ್ಲಿ ಬೇರೆಯೇ ಏನೋ ಆಗಿದ್ದೆ. ಆದದ್ದು ಒಂದೇ ಒಂದು ಗುಣಿಸಿನಿಂದ, ಅಂದರೆ ಅಕ್ಷರಕ್ಕೆ ಹಚ್ಚುವ ಇಕಾರದ ಗುರುತಿನಿಂದ.

ಅದನ್ನು ಹೇಳುವ ಮೊದಲು ಪೇಟಿಯ ವಿಷಯ ಸ್ವಲ್ಪ ಹೇಳಬೇಕು. ಈ ವಾದ್ಯ ಪರದೇಶದಲ್ಲಿ ಹುಟ್ಟಿ, ಹಡಗು ಹತ್ತಿ ಬಂದು, ನಾಟಕ ಕಂಪನಿಗಳ ಎತ್ತಿನ ಬಂಡಿಯಲ್ಲಿ ನಮ್ಮ ಕಡೆಗೆ ಇಳಿದದ್ದು. ವೀಣೆಗೆ, ಕೊಳಲಿಗೆ ಇರುವಂತೆ ಅದಕ್ಕೆ ಇಲ್ಲಿ ಹೆಸರಿರಲಿಲ್ಲ. ನೋಡಿದವರು ಕಂಡದ್ದನ್ನೇ ಕರೆದರು: ಪೇಟಿ, ಡಬ್ಬಿ. ಒಳಗೆ ಗಾಳಿ, ಹಿತ್ತಾಳೆಯ ನಾಲಿಗೆಗಳು, ನಾಲ್ಕು ಕಡೆ ಹಲಗೆ, ಡಬ್ಬಿಯಲ್ಲದೆ ಇನ್ನೇನು? ಪೇಟಿ ಎಂಬ ಪದ ಮರಾಠಿಯದು, ಮಾಸ್ತರ ಎಂಬುದಂತೂ ಇಂಗ್ಲಿಷರದು. ಹೊರಗಿನಿಂದ ಬಂದ ಎರಡು ಪದಗಳನ್ನು ಜೋಡಿಸಿ ನಮ್ಮವರು ಅಪ್ಪಟ ಬಳ್ಳಾರಿಯ ಒಬ್ಬ ಮನುಷ್ಯನನ್ನು ಮಾಡಿದರು. ಆ ಮನುಷ್ಯ ನಾನು.

ನಮ್ಮ ಮನೆಯಲ್ಲಂತೂ ಅದು ನಿಜವಾಗಿಯೂ ಡಬ್ಬಿಯೇ. ಬಳ್ಳಾರಿಯ ಗಾಂಧಿನಗರದ ಹಿಂಬದಿಯ ಓಣಿಯಲ್ಲಿ ನಮ್ಮದು ಸಣ್ಣ ಮನೆ. ಹೊರಗಿನ ಕೋಣೆಯಲ್ಲಿ ನಾನು, ನಡುಮನೆಯಲ್ಲಿ ನನ್ನ ಹೆಂಡತಿ ಗಿರಿಜಾಳ ಹೊಲಿಗೆ ಯಂತ್ರ. ಜೀನ್ಸ್ ಪ್ಯಾಂಟುಗಳಿಗೆ ಜಿಪ್ ಕೂಡಿಸಿ ಕೊಡುವುದು ಅವಳ ಕೆಲಸ. ನಾನು ಅಭ್ಯಾಸಕ್ಕೆ ಕೂತ ಹೊತ್ತಿಗೇ ಅವಳಿಗೆ ಅರ್ಜೆಂಟು ಮಾಲು ಬಂದಿರುತ್ತದೆ. ಯಂತ್ರದ ಮೋಟಾರಿಗೂ ಒಂದು ಶ್ರುತಿಯುಂಟು. ಅದು ನನ್ನ ಷಡ್ಜಕ್ಕಿಂತ ತುಸು ಮೇಲೆ. ಬಹಳ ವರ್ಷ ಜಗಳವಾಡಿದ ಮೇಲೆ ನಾನೇ ಪೇಟಿಯಲ್ಲಿ ಒಂದು ಮನೆ, ಅಂದರೆ ಬೆರಳಿನಿಂದ ಒತ್ತುವ ಒಂದು ಪಟ್ಟಿ, ಮೇಲೆ ಸರಿದೆ. ಈಗ ಅವಳು ಯಂತ್ರ ನಿಲ್ಲಿಸಿದರೆ ತಂಬೂರಿ ನಿಂತಂತೆ ಆಗಿ ನನ್ನ ಕೈಯೂ ನಿಲ್ಲುತ್ತದೆ.

ಪೇಟಿ ಇಡುವ ಮರದ ಕವಚಕ್ಕೆ ಒಂದು ಮುಚ್ಚಳ, ಅದಕ್ಕೊಂದು ಬೀಗ. ಮನೆಯಲ್ಲಿ ಬೀಗವಿರುವ ಸಾಮಾನು ಅದೊಂದೇ ಆದ್ದರಿಂದ ಗಿರಿಜಾ ಗ್ಯಾಸಿನ ಪುಸ್ತಕ, ರೇಷನ್ ಕಾರ್ಡು, ಮಗಳ ಅಂಕಪಟ್ಟಿ ಎಲ್ಲವನ್ನೂ ಅದರೊಳಗೆ ಸೇರಿಸಿದ್ದಾಳೆ. ಹೀಗಾಗಿ ನಾನು ಭಜನೆಗೆ ಹೋದ ದಿನ ನಮ್ಮ ಮನೆಗೆ ಗ್ಯಾಸ್ ಬರುವುದಿಲ್ಲ. “ನೀವು ಊರಿಗೆ ಹೋದ್ರ ಹೋಗ್ರಿ, ನನ್ನ ಸಂಸಾರ ಯಾಕ ಹೊತ್ಕೊಂಡು ಹೋಗ್ತೀರಿ?” ಎಂದು ಅವಳು ಕೇಳುತ್ತಾಳೆ.

ನನ್ನ ಜೊತೆಗಾರ ಖಾಜಾಸಾಬ, ತಬಲಾ. ಕುರುಗೋಡಿನಲ್ಲಿ ಅವನ ಗಾದಿ ಅಂಗಡಿಯಿದೆ. ಅವನು ಹತ್ತಿ ಬಡಿಯುತ್ತಿದ್ದರೆ ರಸ್ತೆಯಲ್ಲಿ ಹೋಗುವ ನನಗೆ ಇವತ್ತು ಅವನ ಮನಸ್ಸು ಯಾವ ಲಯದಲ್ಲಿದೆ ಎಂದು ತಿಳಿಯುತ್ತದೆ. ಹರೆಯದಲ್ಲಿ ಅವನು ಧಾರವಾಡದ ಒಬ್ಬ ಉಸ್ತಾದರ ಮನೆಯಲ್ಲಿ ತಬಲಾ ಕಲಿಯಲು ಹೋಗಿದ್ದ. ಅಪ್ಪನಿಗೆ ಹುಷಾರು ತಪ್ಪಿತೆಂದು ಪಾಠ ಅರ್ಧಕ್ಕೆ ಬಿಟ್ಟು ಬಂದವನಿಗೆ ಮತ್ತೆ ಹೋಗಲಾಗಲಿಲ್ಲ. ಆ ಊರಿನಲ್ಲಿ ಒಮ್ಮೆ ವೇದಿಕೆ ಹತ್ತಬೇಕು ಎಂಬ ಆಸೆಯನ್ನು ಅವನು ಬಾಯಿಬಿಟ್ಟು ಹೇಳಿದ್ದು ಕಡಿಮೆ. ಆದರೆ ಧಾರವಾಡದ ಬಸ್ಸು ಎದುರಿಗೆ ಬಂದರೆ ಅದರ ಬೋರ್ಡನ್ನು ಪೂರ್ತಿ ಓದುತ್ತಾನೆ.

ಈ ಸಲ ಕರೆ ಬಂತು. ಧಾರವಾಡದ ಒಂದು ಸಂಗೀತ ಸಭೆಯವರು ನಮ್ಮಿಬ್ಬರ ಭಜನೆ ಪದಗಳನ್ನು ಎಲ್ಲೋ ಕೇಳಿ, ಬನ್ನಿ ಎಂದರು. ಒಂದೇ ಷರತ್ತು: ಸರಕಾರ ಕೊಡುವ ಕಲಾವಿದರ ಗುರುತಿನ ಚೀಟಿಯ ನಕಲನ್ನು ಇಬ್ಬರೂ ಶನಿವಾರದೊಳಗೆ ಕಳಿಸಬೇಕು, ಇಲ್ಲದವರ ಬದಲಿಗೆ ಅಲ್ಲಿಯ ಕಲಾವಿದರನ್ನು ಕೂಡಿಸುತ್ತಾರೆ. ಖಾಜಾಸಾಬನ ಚೀಟಿ ಎಂದೋ ಬಂದಿತ್ತು. ತಬಲಾ ಎಂಬ ಪದವನ್ನು ಯಾರು ಹೇಗೆ ಬರೆದರೂ ತಬಲಾವೇ. ಪೇಟಿ ಮಾಸ್ತರ ಎಂದು ಬರೆದು ನಾನೂ ಅರ್ಜಿ ಹಾಕಿದ್ದೆ, ನನ್ನದು ಬಂದಿರಲಿಲ್ಲ. ಫೋನಿಗೆ ಬಂದ ಸಂದೇಶ ತೆರೆದು ಓದಿದೆ: “ಪೇಟೆ ಮಾಸ್ತರ ಎಂಬುದು ಕಲಾ ಪ್ರಕಾರಗಳ ಪಟ್ಟಿಯಲ್ಲಿ ಇರುವುದಿಲ್ಲ. ಅರ್ಜಿಯನ್ನು ತಿರಸ್ಕರಿಸಲಾಗಿದೆ.”

ಹಾರ್ಮೋನಿಯಂ ಎಂದು ಬರೆದಿದ್ದರೆ ಮುಗಿದುಹೋಗುತ್ತಿತ್ತು ಎಂದು ನೀವು ಅನ್ನಬಹುದು. ಗಿರಿಜಾ ಅದನ್ನೇ ಅಂದಳು. ಆದರೆ ಆ ಪದ ನನ್ನ ಕೈಗೆ ಬರುವುದಿಲ್ಲ. ನಿಮ್ಮನ್ನು ಯಾರಾದರೂ ಏನು ಉಂಡಿರಿ ಎಂದು ಕೇಳಿದರೆ ರೊಟ್ಟಿ ಎನ್ನುತ್ತೀರಿ, ಜೋಳದಿಂದ ತಯಾರಿಸಿದ ಆಹಾರ ಪದಾರ್ಥ ಎನ್ನುವುದಿಲ್ಲ.

ಚೀಟಿ ಕೊಡುವ ಬಳ್ಳಾರಿಯ ಕಚೇರಿಗೆ ಹೋದೆ. ನನ್ನ ಅರ್ಜಿ ನೋಡುವವರು ತುಮಕೂರಿನ ಕಡೆಯ ಒಬ್ಬ ಮೇಡಂ. ಚಿಕ್ಕ ವಯಸ್ಸು, ಮೃದು ಮಾತು. ನನಗೆ ಕುರ್ಚಿ ತೋರಿಸಿ, ಕಂಪ್ಯೂಟರು ತೆರೆದು, ತಾವೇ ವಿವರಿಸಿದರು.

“ಸರ್, ನೀವು ಪೇಟಿ ಅಂತ ಬರ್ದಿದ್ರಿ. ನಿಮ್ಮ ಕಡೆ ಮನೆಗೆ ಮನಿ ಅಂತೀರಿ, ಶಾಲೆಗೆ ಸಾಲಿ ಅಂತೀರಿ ಅಲ್ವಾ? ನಾನು ಇಲ್ಲಿಗೆ ಬಂದ್ಮೇಲೆ ಅದನ್ನೆಲ್ಲ ಕಲ್ತಿದೀನಿ. ಅದಕ್ಕೇ ಪೇಟಿ ಅನ್ನೋದನ್ನ ಪೇಟೆ ಅಂತ ಸರಿ ಮಾಡಿ ಹಾಕ್ದೆ. ಆದ್ರೆ ಮೇಲಿನವರು ರಿಜೆಕ್ಟ್ ಮಾಡಿದಾರೆ. ಪೇಟೆ ಮಾಸ್ತರ ಅಂದ್ರೆ ಏನು ಸರ್? ಮಾರ್ಕೆಟ್ನಲ್ಲಿ ಏನಾದ್ರೂ ಕಲಿಸ್ತೀರಾ?”

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಮ್ಮ ಮಾತನ್ನು ಕಲಿಯಲು ಇಷ್ಟು ಶ್ರದ್ಧೆಯಿಂದ ಕೂತ ಜೀವದ ಮೇಲೆ ಹೇಗೆ ಸಿಟ್ಟಾಗುವುದು? ಅವರು ಹಿಡಿದ ಸೂತ್ರವೂ ಸರಿಯೇ. ನಮ್ಮ ಬಾಯಲ್ಲಿ ಪದದ ಕೊನೆಯ ಎಕಾರ ನಿಲ್ಲುವುದಿಲ್ಲ, ಜಾರಿ ಇಕಾರವಾಗುತ್ತದೆ. ಆದರೆ ನಾವು ಪೇಟೆಗೆ ಪೇಟಿ ಎನ್ನುವುದಿಲ್ಲ, ಪ್ಯಾಟಿ ಎನ್ನುತ್ತೇವೆ. ತರಕಾರಿಗೆ ಹೋಗುವುದು ಪ್ಯಾಟಿಗೆ, ಭಜನೆಗೆ ಒಯ್ಯುವುದು ಪೇಟಿ. ಇಲ್ಲಿಯ ಮೂರು ವರ್ಷದ ಕೂಸೂ ಇದರಲ್ಲಿ ತಪ್ಪುವುದಿಲ್ಲ. ಮೇಡಂ ಕಲಿತ ಸೂತ್ರದಲ್ಲಿ ಈ ಅರ್ಧ ಬಾಕಿ ಉಳಿದಿತ್ತು, ಆ ಅರ್ಧದಲ್ಲಿ ನಾನು ಸಿಕ್ಕಿಕೊಂಡಿದ್ದೆ.

“ಪೇಟಿ ಅಂದ್ರ ಹಾರ್ಮೋನಿಯಂ ರಿ, ಮೇಡಂ,” ಎಂದೆ.

ಅವರು ನಾಲಿಗೆ ಕಚ್ಚಿಕೊಂಡರು. “ಅಯ್ಯೋ! ಆದ್ರೆ ಸರ್, ಒಂದ್ಸಲ ಪೇಟೆ ಅಂತ ಎಂಟ್ರಿ ಆಗ್ಬಿಟ್ಟಿದೆ. ಈಗ ಹಾರ್ಮೋನಿಯಂ ಅಂತ ಮಾಡಿದ್ರೆ ಅರ್ಜಿದಾರರೇ ಬೇರೆ ಅಂತಾರೆ. ನಿಮ್ಮ ಸ್ವಂತ ಊರಿನ ತಾಲೂಕಿನ ಒಬ್ಬರು ಅಧಿಕಾರಿ ಹತ್ರ, ಪೇಟಿ ಅಂದ್ರೆ ಪೇಟೆ ಅಲ್ಲ ಅಂತ ದೃಢೀಕರಣ ತಂದ್ಬಿಡಿ. ನಾನೇ ಅದೇ ದಿನ ಸರಿ ಮಾಡ್ಕೊಡ್ತೀನಿ.”

ಸ್ವಂತ ಊರು ಕರೂರು, ತಾಲೂಕು ಸಿರುಗುಪ್ಪ. ಸಂಜೆ ಖಾಜಾಸಾಬನಿಗೆ ಫೋನು ಮಾಡಿ ವಿಷಯ ಹೇಳಿದೆ. ಅವನು ಬಹಳ ಹೊತ್ತು ನಕ್ಕ.

“ಸಭಾದವ್ರು ಫೋನ್ ಮಾಡಿದ್ರು, ಮಾಸ್ತರ. ನಿಮ್ದು ಬರ್ಲಿಲ್ಲಂದ್ರ ಅಲ್ಲಿಂದ ಒಬ್ರು ಪೇಟಿಯವ್ರನ್ನ ಕೂಡಸ್ತೀವಿ, ನೀವು ಬರ್ರಿ ಅಂದ್ರು. ನಾನು ಒಲ್ಲೆ ಅಂದೆ.”

“ಹುಚ್ಚೇನು ನಿನಗ? ಹೋಗಿ ಬಾ. ಎಷ್ಟ್ ವರ್ಷದಿಂದ ಕಾಯಾಕತ್ತಿ?”

“ಬ್ಯಾರೇದವ್ರ ಪೇಟಿ ಮುಂದ ನನ್ನ ಕೈ ಏಳಂಗಿಲ್ಲ. ನಾನು ಇಲ್ಲೇ ಗಾದಿ ಬಡಕೋಂತ ಕುಂದರ್ತೀನಿ, ಬಿಡ್ರಿ.”

ಅಲ್ಲಿಯವರೆಗೆ ಒಂದು ಗುಣಿಸಿನ ತಮಾಷೆಯಾಗಿದ್ದದ್ದು ಆಗ ತಮಾಷೆಯಾಗಿ ಉಳಿಯಲಿಲ್ಲ. ನನ್ನ ಎಕಾರ ಇಕಾರವಾಗದಿದ್ದರೆ ಅವನ ಧಾರವಾಡ ಹೋಗುತ್ತದೆ.

ಮಾರನೆಯ ದಿನ ಸಿರುಗುಪ್ಪದ ಬಸ್ಸು ಹಿಡಿದೆ. ನಾಟಿ ಮುಗಿದ ಕಾಲ; ಕಾಲುವೆಯ ಕಡೆಯ ಗದ್ದೆಗಳು ಹಸಿರಾಗಿದ್ದವು. ಕಿಟಕಿಯಿಂದ ನೋಡಲು ಚೆಂದ, ಪೇಟಿಗೆ ಮಾತ್ರ ಆ ಥಂಡಿ ಆಗದು, ಗಾಳಿ ಹಾಕುವ ತಿದಿಯ ಚರ್ಮ ಬೂಸು ಹಿಡಿಯುತ್ತದೆ. ಬಳ್ಳಾರಿಯ ಬಿಸಿಲಿಗೆ ಹಲಗೆ ಬಿರಿಯುತ್ತದೆ. ಪೇಟಿ ಸುಖವಾಗಿರುವ ಊರನ್ನು ನಾನು ಇನ್ನೂ ಕಂಡಿಲ್ಲ. ಕಚೇರಿ ಮುಟ್ಟಿದಾಗ ಸಾಹೇಬರು ಮೀಟಿಂಗಿನಲ್ಲಿದ್ದರು. ನನ್ನ ಅನುಭವದಲ್ಲಿ ಮೀಟಿಂಗ್ ಎಂಬುದು ಆಲಾಪದ ಹಾಗೆ; ಕೂತವರಿಗೆ ಮಾತ್ರ ಅದು ಮುಂದೆ ಸಾಗುತ್ತಿದೆ ಎಂದು ಗೊತ್ತಾಗುತ್ತದೆ. ಬೇವಿನ ಗಿಡದ ಕೆಳಗೆ ಕೂತು ಗಿರಿಜಾ ಕಟ್ಟಿಕೊಟ್ಟ ರೊಟ್ಟಿ, ಪುಡಿಚಟ್ನಿ ಉಂಡೆ. ಮಧ್ಯಾಹ್ನದ ಮೇಲೆ ಕರೆದರು.

ಸಾಹೇಬರ ಮನೆಮಾತು ತೆಲುಗು. ನಮ್ಮ ಗಡಿಯಲ್ಲಿ ಅದೇನೂ ವಿಶೇಷವಲ್ಲ, ನಾನೂ ಅರ್ಧ ಮಾತು ತೆಲುಗಿನಲ್ಲೇ ಆಡಿದೆ. ಅವರು ಅರ್ಜಿ ಓದಿ, ಕನ್ನಡಕ ತೆಗೆದು, “ಇದರಾಗೇನೈತ್ರಿ ಕಷ್ಟ? ಪೇಟಿ ಅಂದ್ರ ಪೆಟ್ಟೆ. ಪೆಟ್ಟಿಗಿ. ಸಾಮಾನು ಇಡ್ತೀವಲ್ಲ, ಅದು,” ಎಂದರು.

“ಹೌದ್ರಿ ಸಾಹೇಬ್ರ, ಆದ್ರ ಇದು ಬಾರಿಸೋ ಪೇಟಿ…”

“ಬಾರಿಸ್ರಿ, ಬಿಡ್ರಿ. ಒಟ್ಟು ಪ್ಯಾಟಿ ಅಲ್ಲ, ಹೌದಿಲ್ಲೋ? ಅಷ್ಟ ಬೇಕಾಗಿದ್ದು ನಿಮಗ.” ಒಳಗಿನವರಿಗೆ ಕೂಗಿ ಹೇಳಿ ಬರೆಸಿ, ಸಹಿ ಮಾಡಿ, ಸೀಲು ಒತ್ತಿಯೇ ಬಿಟ್ಟರು. ಅವರಿಗೆ ಮತ್ತೊಂದು ಮೀಟಿಂಗಿತ್ತು.

ಬಸ್ಸಿನಲ್ಲಿ ಓದಿದೆ: “ಸದರಿ ಅರ್ಜಿದಾರರು ಹೇಳುವ ಪೇಟಿ ಎಂಬುದು ಪೇಟೆಯಾಗಿರದೆ, ಪೆಟ್ಟಿಗೆ ಆಗಿರುತ್ತದೆ ಎಂದು ದೃಢೀಕರಿಸಲಾಗಿದೆ.” ಹೋಗುವಾಗ ಪೇಟೆಯಲ್ಲಿ ಪಾಠ ಹೇಳುವವನಾಗಿದ್ದೆ. ಬರುವಾಗ ಪೆಟ್ಟಿಗೆ ಮಾಡುವವನಾಗಿದ್ದೆ.

ಶುಕ್ರವಾರ ಬೆಳಿಗ್ಗೆ ಕುರುಗೋಡಿನಲ್ಲಿ ಒಂದು ಗೃಹಪ್ರವೇಶದ ಭಜನೆ. ಖಾಜಾಸಾಬ ಧಾರವಾಡದ ಮಾತೇ ಎತ್ತಲಿಲ್ಲ, ತಬಲಾ ಮಾತ್ರ ಹತ್ತಿ ಬಡಿದಂತೆ ಬಡಿದ. ಅಲ್ಲಿಂದ ನೇರವಾಗಿ, ಪೇಟಿಯನ್ನು ಹೊತ್ತುಕೊಂಡೇ ಬಳ್ಳಾರಿಯ ಕಚೇರಿಗೆ ಹೋದೆ. ಕಾಗದ ಕೈಬಿಟ್ಟರೆ ಸಾಮಾನನ್ನಾದರೂ ತೋರಿಸಬಹುದೆಂಬ ಯೋಚನೆ.

ಮೇಡಂ ಕಾಗದ ಓದಿದರು. ಹುಬ್ಬು ಗಂಟಿಕ್ಕಿತು. ನಾನು ಪೇಟಿಯನ್ನು ಮೇಜಿನ ಮೇಲಿಟ್ಟು ಬೀಗ ತೆಗೆದು ಮುಚ್ಚಳ ಎತ್ತಿದೆ. ಮೊದಲು ಬಂದದ್ದು ಗಿರಿಜಾಳ ಜಿಪ್ಪುಗಳ ಕಟ್ಟು. ಆಮೇಲೆ ರೇಷನ್ ಕಾರ್ಡು, ಗ್ಯಾಸಿನ ಪುಸ್ತಕ, ಹಪ್ಪಳದ ಒಂದು ಪೊಟ್ಟಣ. ಅದು ಅಲ್ಲಿಗೆ ಹೇಗೆ ಬಂತೋ ನನಗೂ ತಿಳಿಯದು.

“ಸರ್, ಇದು ಪೆಟ್ಟಿಗೆನೇ ಅಲ್ವಾ?” ಎಂದರು ಮೇಡಂ.

ಭೂಮಿ ಬಾಯಿಬಿಡಬಾರದೇ ಎನಿಸಿತು. ಸಂಸಾರವನ್ನೆಲ್ಲ ಮೇಜಿನ ಮೇಲೆ ಒಟ್ಟಿ, ಕೆಳಗಿದ್ದ ವಾದ್ಯ ಹೊರಗೆ ತೆಗೆದೆ. ಮೇಡಂ ಕೈ ಚಾಚಿ ಒಂದು ಮನೆ ಒತ್ತಿದರು. ಸದ್ದು ಬರಲಿಲ್ಲ. ನಾನು ಹಿಂದಿನಿಂದ ಗಾಳಿ ಹಾಕಿದೆ. ಷಡ್ಜ ಎದ್ದು ಫೈಲುಗಳ ಮೇಲೆ ಹಾದುಹೋಯಿತು.

“ಏ, ಸಾಹೇಬ್ರು ಒಳಗ ಅದಾರ್ರೀ!” ಎಂದು ಜವಾನ ಓಡಿಬಂದ.

ಮೇಡಂ ಬೆರಳು ಎತ್ತಲಿಲ್ಲ. “ಚಿಕ್ಕೋಳಿದ್ದಾಗ ನಾನು ಸಂಗೀತಕ್ಕೆ ಹೋಗ್ತಿದ್ದೆ, ಸರ್. ನಮ್ಮ ಟೀಚರ್ ಮನೇಲಿ ಹೀಗೇ ಗಾಳಿ ಹಾಕೋದೊಂದಿತ್ತು. ಅದಕ್ಕೆ ನಾವು ಶ್ರುತಿ ಪೆಟ್ಟಿಗೆ ಅಂತಿದ್ವಿ.” ತಟ್ಟನೆ ನಿಲ್ಲಿಸಿ, ಸಿರುಗುಪ್ಪದ ಕಾಗದವನ್ನು ಮತ್ತೊಮ್ಮೆ ನೋಡಿದರು. ಮುಖ ಅರಳಿತು. “ಅಲ್ಲಾ, ಇವರು ಸರಿಯಾಗೇ ಬರ್ದಿದಾರಲ್ಲ! ಪೇಟೆ ಅಲ್ಲ, ಪೆಟ್ಟಿಗೆ!”

ನಾನು ಸಂಸಾರವನ್ನು ಮತ್ತೆ ಪೇಟಿಯೊಳಗೆ ತುಂಬತೊಡಗಿದೆ. ಸಿರುಗುಪ್ಪದ ಸಾಹೇಬರ ಮನಸ್ಸಿನಲ್ಲಿದ್ದದ್ದು ಬಟ್ಟೆಬರೆ ತುಂಬುವ ಪೆಟ್ಟಿಗೆ, ಮೇಡಂ ಓದಿದ್ದು ಬಾಲ್ಯದ ಶ್ರುತಿ ಪೆಟ್ಟಿಗೆ. ಸಂಜೆಯ ಹೊತ್ತಿಗೆ ಚೀಟಿ ಬಂತು. ಕಲಾ ಪ್ರಕಾರ: ಹಾರ್ಮೋನಿಯಂ ಪೆಟ್ಟಿಗೆ. ನಕಲನ್ನು ಸಭೆಯವರಿಗೆ ಕಳಿಸಿ, ಖಾಜಾಸಾಬನಿಗೆ ಫೋನು ಮಾಡಿದೆ. “ಹೋಗೂಣು ನಡಿ,” ಎಂದೆ. ಫೋನಿನಲ್ಲಿ ಹತ್ತಿ ಬಡಿಯುವ ಸದ್ದು ಶುರುವಾಯಿತು, ಜಲದ್ ಲಯದಲ್ಲಿ, ಓಡುವ ನಡೆಯಲ್ಲಿ.

ಧಾರವಾಡಕ್ಕೆ ಗಿರಿಜಾಳೂ ಹೊರಟಳು. ರೇಷನ್ ಕಾರ್ಡನ್ನು ಇನ್ನು ನನ್ನ ಕೈಯಲ್ಲಿ ಒಬ್ಬಂಟಿಯಾಗಿ ಕಳಿಸುವುದಿಲ್ಲವಂತೆ. ಬಸ್ಸು ಕುಡತಿನಿಯ ವಿದ್ಯುತ್ ಸ್ಥಾವರದ ಹೊಗೆ ಕೊಳವೆಗಳನ್ನು ದಾಟುವಾಗ ಕಂಡಕ್ಟರು ಬಂದು ನನ್ನ ತೊಡೆಯ ಮೇಲಿದ್ದ ಸಾಮಾನು ನೋಡಿದ. ನಾನು ಚೀಟಿ ತೋರಿಸಲು ಜೇಬಿಗೆ ಕೈ ಹಾಕಿದೆ.

“ಭಜನಿಗೆ ಹೊಂಟೀರೇನ್ರಿ ಮಾಸ್ತರ? ಪೇಟಿ ಬಿಸಲಾಗ ಇಡಬ್ಯಾಡ್ರಿ, ಹಲಿಗಿ ಬಿರೀತಾವ. ಈ ಕಡೆ ಸರೀರಿ.”

ಖಾಜಾಸಾಬ ನನ್ನ ಪಕ್ಕೆಗೆ ತಿವಿದ. “ಇವ್ರ ಕೈಲೇ ಸರ್ಟಿಫಿಕೇಟ್ ಬರೆಸ್ಕೋಬೇಕಾಗಿತ್ತು ನೋಡ್ರಿ, ಮಾಸ್ತರ.”

ಧಾರವಾಡದಲ್ಲಿ ಯಾರೂ ಚೀಟಿ ಕೇಳಲಿಲ್ಲ. ವೇದಿಕೆಯ ಮೇಲೆ ಕೂತು ಖಾಜಾಸಾಬ ತಬಲಾ ಶ್ರುತಿ ಮಾಡಿದ, ಸರಿಯಾದ ಮೇಲೂ ಸುತ್ತಿಗೆಯಿಂದ ಇನ್ನೆರಡು ಸಲ ತಟ್ಟಿದ. ಆಮೇಲೆ ನನ್ನ ಕಡೆ ಬಾಗಿ, “ಸಾವಕಾಶ ಎತ್ಕೊಳ್ರಿ. ಇವತ್ತು ನನಗ ಅವಸರ ಇಲ್ಲ,” ಎಂದ. ಮುಂದಿನ ಸಾಲಿನಲ್ಲಿ ಗಿರಿಜಾ ಕೂತಿದ್ದಳು. ಅವಳ ಯಂತ್ರದ ಶ್ರುತಿಯನ್ನೇ ನೆನೆದು ಷಡ್ಜ ಹಿಡಿದೆ.

ಮನೆಗೆ ಬಂದ ಮೇಲೆ ಆ ಚೀಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದು ನನಗಿತ್ತು. ಗಿರಿಜಾ ಒಪ್ಪಲಿಲ್ಲ. “ಗ್ವಾಡಿಗೆ ಹಾಕಿದ್ರ ಹಲ್ಲಿ ಹೊಲಸು ಮಾಡ್ತಾವ. ಪೇಟಿಯಾಗ ಇರ್ಲಿ,” ಎಂದು ರೇಷನ್ ಕಾರ್ಡಿನ ಜೊತೆ ಸೇರಿಸಿ ಬೀಗ ಹಾಕಿದಳು. ಹೀಗಾಗಿ ನಾನು ಪೇಟಿ ಮಾಸ್ತರ ಎನ್ನುವುದಕ್ಕೆ ಪುರಾವೆ ಈಗ ಪೇಟಿಯೊಳಗಿದೆ. ಯಾರಿಗಾದರೂ ತೋರಿಸಬೇಕಾದರೆ ಮೊದಲು ಪೇಟಿ ತೆಗೆಯಬೇಕು. ಪೇಟಿ ತೆಗೆದ ಮೇಲೆ ತೋರಿಸುವ ಕೆಲಸವೇ ಬೀಳುವುದಿಲ್ಲ.