ಫೋನಿನಲ್ಲಿ ಮಷೀನಿನ ಸದ್ದು ಕೇಳುವ ರಸೂಲ್ ಚಾಚಾ

ಬೆಳಗಿನ ಆರಕ್ಕೆ ಐದು ನಿಮಿಷ ಬಾಕಿ. ಹಳೇ ಯಲಹಂಕದ ಪೇಟೆ ಬೀದಿಯಲ್ಲಿ ಹಾಲಿನವನ ಸ್ಕೂಟರು ಬಿಟ್ಟರೆ ಬೇರೆ ಓಡಾಟವಿಲ್ಲ. ಎಂಟಡಿ ಅಗಲದ ಅಂಗಡಿಯೊಂದರ ಷಟರು ಅರ್ಧ ಮೇಲೆದ್ದಿದೆ. ಒಳಗೆ ಗುಲಾಮ್ ರಸೂಲ್ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಸ್ಟೂಲಿನ ಮೇಲೆ ಕೂತಿದ್ದಾರೆ. ಹಿಂದೆ ಅವರ ಮಗಳು ಲುಬ್ನಾ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, "ಅಬ್ಬಾ, ಲೈವ್ ಆಯ್ತು" ಎನ್ನುತ್ತಾರೆ. ಹೊಸಬರು ಈ ಕಾರ್ಯಕ್ರಮ ತೆರೆದರೆ ಮೊದಲು ಕಾಣುವುದು ಐವತ್ತಾರು ವರ್ಷದ ಮನುಷ್ಯನೊಬ್ಬನ ಬೆನ್ನು. ಎಲ್ಲೋ ಏನೋ ಎಡವಟ್ಟಾಗಿದೆ ಅಂದುಕೊಂಡು ಹೆಚ್ಚಿನವರು ಮುಂದೆ ಹೋಗುತ್ತಾರೆ. ಹೋಗದೆ ಉಳಿಯುವವರು ದಿನಕ್ಕೆ ಸುಮಾರು ನಾನೂರು ಮಂದಿ.

ಮೊದಲ ಕರೆ ಗೌರಿಬಿದನೂರಿನಿಂದ. ಆ ಕಡೆಯ ಹೆಂಗಸು ಫೋನನ್ನು ಹೊಲಿಗೆ ಮಷೀನಿನ ಪಕ್ಕ ಇಟ್ಟು ಪೆಡಲು ತುಳಿಯುತ್ತಾರೆ. ಎಳೆದೆಳೆದು ನಡೆಯುವಂಥ ಭಾರದ ಸದ್ದು. ರಸೂಲ್ ಹತ್ತು ಸೆಕೆಂಡು ಕೇಳುತ್ತಾರೆ.

"ಅಕ್ಕಾ, ಕೊಬ್ಬರಿ ಎಣ್ಣೆ ಹಾಕಿದ್ರಾ?"

ಆ ಕಡೆಯಿಂದ ಸಣ್ಣ ದನಿ: "ಒಂದೇ ಒಂದ್ ತೊಟ್ಟು ಅಣ್ಣ."

"ಯಾವಾಗಿಂದ?"

"ದೀಪಾವಳಿಯಿಂದ."

ಬಯ್ಯುವುದಿಲ್ಲ. ಸೀಮೆಎಣ್ಣೆ ಎಲ್ಲೆಲ್ಲಿ ಬಿಡಬೇಕು, ಎಷ್ಟು ಹೊತ್ತು ಬಿಟ್ಟು ಒರೆಸಬೇಕು, ಆಮೇಲೆ ಮಷೀನಿನ ಎಣ್ಣೆ ಯಾವ ಯಾವ ತೂತಿಗೆ ಎಂದು ಒಂದೊಂದಾಗಿ ಹೇಳುತ್ತಾರೆ. ಕೊಬ್ಬರಿ ಎಣ್ಣೆ ತಲೆಗೇ ಇರಲಿ ಎಂದು ಸೇರಿಸುತ್ತಾರೆ. ಮುಂದಿನ ಕರೆ.

ಶುಕ್ರವಾರ ಬಿಟ್ಟು ದಿನವೂ ನಡೆಯುವ ಈ 'ಮಷೀನ್ ಮಾತು' ಐವತ್ತು ನಿಮಿಷದ್ದು. ಹನ್ನೊಂದೋ ಹನ್ನೆರಡೋ ಕರೆ ಬರುತ್ತವೆ. ಅವುಗಳಲ್ಲಿ ಏಳೆಂಟು ಅಲ್ಲಿಗಲ್ಲೇ ಬಗೆಹರಿಯುತ್ತವೆ: ತಿರುಗುಮುರುಗಾಗಿ ಹಾಕಿದ ಸೂಜಿ, ಶಟಲಿನಲ್ಲಿ ಸಿಕ್ಕಿಕೊಂಡ ದಾರದ ಚೂರು, ಜೋತುಬಿದ್ದ ಬೆಲ್ಟು. ಆರು ಗಂಟೆಗೇ ಯಾಕೆಂದರೆ, ಆಗ ಬೀದಿ ಸದ್ದು ಮಾಡುವುದಿಲ್ಲ. ಎರಡನೆಯ ಕಾರಣವನ್ನು ಲುಬ್ನಾ ಹೇಳುತ್ತಾರೆ: "ಅರ್ಧಕ್ಕರ್ಧ ಜನ ಗಂಡನ ಫೋನಲ್ಲಿ ನೋಡೋದು. ಗಂಡ ಎದ್ರೆ ಫೋನ್ ಹೋಯ್ತು." ಆರೂ ಮುಕ್ಕಾಲು ದಾಟುತ್ತಿದ್ದಂತೆ ನೋಡುಗರ ಸಂಖ್ಯೆ ನಾನೂರರಿಂದ ನೂರಾ ಎಂಬತ್ತಕ್ಕೆ ಇಳಿಯುವುದು ಪರದೆಯ ಮೇಲೆ ಕಾಣುತ್ತದೆ. ಕನ್ನಡನಾಡಿನ ಗಂಡಸರು ಏಳುವ ಹೊತ್ತಿನ ಬಗ್ಗೆ ಇಷ್ಟು ಖಚಿತವಾದ ಅಂಕಿಅಂಶ ಬೇರೆಲ್ಲೂ ಸಿಗಲಾರದು.

ಗೋಡೆಗೆ ಮುಖ ಮಾಡಿ ಕೂರುವುದು ಪ್ರದರ್ಶನಕ್ಕಾಗಿ ಅಲ್ಲ. ಹದಿನಾಲ್ಕನೆಯ ವಯಸ್ಸಿಗೆ ಯಶವಂತಪುರದಲ್ಲಿ ಸೋದರಮಾವನ ಅಂಗಡಿ ಸೇರಿದಾಗ ಮೊದಲ ವರ್ಷ ಅವರ ಕೈಗೆ ಸ್ಕ್ರೂಡ್ರೈವರು ಕೊಡಲಿಲ್ಲ. ಮಾವ ಹಿಂದೆ ಮಷೀನು ಓಡಿಸಬೇಕು, ಇವರು ಗೋಡೆ ನೋಡುತ್ತಾ ರೋಗ ಹೇಳಬೇಕು. ತಪ್ಪಿದರೆ ಚಹಾ ತರುವ ಕೆಲಸ. "ಮೊದಲ್ನೇ ತಿಂಗಳು ಬರೀ ಚಾ ತಂದೆ," ಎನ್ನುತ್ತಾರೆ ರಸೂಲ್. "ಕಣ್ಣು ಬಿಟ್ಕೊಂಡ್ರೆ ನಂಗೆ ಇವತ್ತಿಗೂ ಸರಿಯಾಗಿ ಕೇಳ್ಸಲ್ಲ."

ಕಿವಿ ಪಳಗಿತು, ಕಾಲ ಬದಲಾಯಿತು. ಇಪ್ಪತ್ತು ವರ್ಷದ ಹಿಂದೆ ದಿನಕ್ಕೆ ಹತ್ತು ಮಷೀನು ಬರುತ್ತಿದ್ದ ಅಂಗಡಿಗೆ ಕಳೆದ ವರ್ಷದ ಹೊತ್ತಿಗೆ ಎರಡು ಬಂದರೆ ಹೆಚ್ಚು. ಬಟ್ಟೆ ಸಿದ್ಧವಾಗಿಯೇ ಸಿಗುತ್ತದೆ, ಕೆಟ್ಟ ಮಷೀನು ಗುಜರಿಗೆ ಹೋಗುತ್ತದೆ. ಆಗ ಬಂದವರು ಸತೀಶ್. ಮಾಕಳಿಯ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಉಸ್ತುವಾರಿ ಅವರದು. ರಸೂಲರ ಕೈಗುಣ ಬಲ್ಲವರು. ತಿಂಗಳ ಸಂಬಳ, ಪಿಎಫ್, ಕರೆದುಕೊಂಡು ಹೋಗಲು ಬಸ್ಸು ಎಲ್ಲವೂ ಉಂಟು, ಅಂಗಡಿ ಮುಚ್ಚಿ ಬನ್ನಿ ಎಂದರು. ರಸೂಲರ ಹೆಂಡತಿ ಜೈಬುನ್ನೀಸಾ ಆ ದಿನವೇ ಟಿಫಿನ್ ಡಬ್ಬಿ ತೊಳೆದಿಟ್ಟರು.

ತಡೆದವರು ಲುಬ್ನಾ. ಹೆಬ್ಬಾಳದ ಕಚೇರಿಯೊಂದರಲ್ಲಿ ಕೆಲಸ ಮಾಡುವ ಅವರು ದಾರಿಯುದ್ದಕ್ಕೂ ಪಾಡ್‌ಕಾಸ್ಟ್ ಕೇಳುವವರು. ಅಪ್ಪನನ್ನು ಕೂರಿಸಿಕೊಂಡು 'ಒಬ್ಬ ಕುಶಲಕರ್ಮಿಯ ಜೀವನ ಪಯಣ' ಎಂಬ ಪಾಡ್‌ಕಾಸ್ಟ್ ಶುರುಮಾಡಿಯೇ ಬಿಟ್ಟರು. ನಲವತ್ತು ನಿಮಿಷದ ಮೊದಲ ಕಂತಿನಲ್ಲಿ ಮಗಳ ದೀರ್ಘ ಪ್ರಶ್ನೆಗಳಿವೆ. ಅಪ್ಪನ "ಹೂಂ", "ಅಷ್ಟೆ", "ಏನೋಮ್ಮ, ನೆನಪಿಲ್ಲ" ಇವೆ. ಕೇಳಿದವರು ಹದಿನಾಲ್ಕು ಜನ, ಅದರಲ್ಲಿ ಒಂಬತ್ತು ನೆಂಟರು. ಮೂರನೆಯ ಕಂತಿನ ನಡುವೆ ದೊಡ್ಡಬಳ್ಳಾಪುರದ ಗಿರಾಕಿಯೊಬ್ಬರ ಫೋನ್ ಬಂತು. ರಸೂಲ್ ರೆಕಾರ್ಡಿಂಗ್ ಮರೆತು, ಫೋನನ್ನು ಮಷೀನಿನ ಹತ್ತಿರ ಹಿಡಿಯಿರಿ ಅಂದರು. ಬಾಬಿನ್ ಕೇಸಿನ ತಿರುಪು ಸಡಿಲ ಅಂದರು. ಅದು ಹಾಗೇ ಇತ್ತು. ಅಷ್ಟು ಭಾಗವನ್ನು ಲುಬ್ನಾ ಕತ್ತರಿಸಿ ಹಾಕಿದಾಗ ಆರು ಸಾವಿರ ಜನ ಕೇಳಿದರು. ಜೀವನ ಪಯಣ ಅಲ್ಲಿಗೇ ನಿಂತಿತು.

ಮನೆಯಲ್ಲಿ ಒಂದು ಕರಾರಾಯಿತು. ರಂಜಾನ್ ಹಬ್ಬದಿಂದ ಬಕ್ರೀದ್‌ವರೆಗೆ, ಅಂದರೆ ಅರವತ್ತೆಂಟು ದಿನ, ಲೈವ್ ನಡೆಯಲಿ. ಅಷ್ಟರಲ್ಲಿ ಅಂಗಡಿಗೆ ದಿನಕ್ಕೆ ಆರು ಮಷೀನು ಬರುವಂತಾದರೆ ಅಂಗಡಿ, ಇಲ್ಲದಿದ್ದರೆ ಮಾಕಳಿ. ಆರು ಎಂಬ ಸಂಖ್ಯೆ ಜೈಬುನ್ನೀಸಾ ಅವರದು. ಅದಕ್ಕಿಂತ ಕಡಿಮೆಗೆ ಅವರು ಒಪ್ಪಲಿಲ್ಲ. ಸತೀಶರೂ ಹಬ್ಬದವರೆಗೆ ಕಾಯಲು ಒಪ್ಪಿದರು.

ಲೈವ್ ಬೆಳೆಯಿತು. ತಿಂಗಳಲ್ಲಿ ಚಾನೆಲ್ಲಿಗೆ ಹನ್ನೆರಡು ಸಾವಿರ ಜನ ಸೇರಿದರು. ಅಂಗಡಿ ಮಾತ್ರ ಎರಡರಿಂದ ಒಂದೂವರೆಗೆ ಇಳಿಯಿತು. ಹಿಂದೆ ಮಷೀನು ಹೊತ್ತು ತರುತ್ತಿದ್ದ ಆಸುಪಾಸಿನವರೂ ಈಗ ಬೆಳಿಗ್ಗೆ ಫೋನು ಮಾಡಿ ಕೆಲಸ ಮುಗಿಸಿಕೊಳ್ಳುತ್ತಿದ್ದರು. ಜೈಬುನ್ನೀಸಾ ಆ ದಿನಗಳನ್ನು ನೆನೆದು ನಗುತ್ತಾರೆ; ಆಗ ನಕ್ಕಿರಲಿಲ್ಲ. "ಇವ್ರು ಬಾಯಲ್ಲೇ ರಿಪೇರಿ ಮಾಡಿ ಕಳ್ಸಿದ್ರೆ ಅಂಗಡಿಗೆ ಬರೋರ್ ಯಾರ್ರೀ? ಪುಕ್ಕಟೆ ಆಸ್ಪತ್ರೆ ಇಟ್ಟಿದೀರಾ ಅಂತ ಕೇಳ್ದೆ. ಸುಮ್ನೆ ಗೋಡೆ ಕಡೆ ತಿರ್ಗಿ ಕೂತ್ರು."

ಸಾಲದ್ದಕ್ಕೆ ಲುಬ್ನಾ ಗುಣಮಟ್ಟ ಹೆಚ್ಚಿಸಲು ಹೊರಟರು. ಹೊಸ ಮೈಕು ಬಂತು, ಹೊಸ ಆ್ಯಪ್ ಬಂತು, ಅದರಲ್ಲಿ ಗದ್ದಲ ತೆಗೆದುಹಾಕುವ ಸೌಲಭ್ಯವೂ ಇತ್ತು. ಒತ್ತಿದರು. ಆ ಬೆಳಿಗ್ಗೆ ಕರೆ ಮಾಡಿದವರು ಶರಣವ್ವ. ವಾರಕ್ಕೆ ಎರಡು ಬಾರಿಯಾದರೂ ಕರೆ ಮಾಡುವ, ಜೇವರ್ಗಿ ಕಡೆಯ ಮಾತಿನ ಗಟ್ಟಿ ಹೆಂಗಸು, ಬ್ಲೌಸು ಹೊಲಿಯುವವರು. ಪೆಡಲು ತುಳಿದರು. ರಸೂಲರಿಗೆ ಏನೂ ಕೇಳಿಸಲಿಲ್ಲ. ಆ್ಯಪ್ ಮಷೀನಿನ ಸದ್ದನ್ನೇ ಗದ್ದಲವೆಂದು ತಿಳಿದು ಗುಡಿಸಿ ಹಾಕಿತ್ತು.

"ಶುರು ಮಾಡಮ್ಮ," ಎಂದರು ರಸೂಲ್.

"ಮಾಡೀನ್ರಿ ಚಾಚಾ."

"ಮಷೀನ್ ಓಡ್ತಾನೇ ಇಲ್ವಲ್ಲ."

"ಓಡ್ಲಿಕತ್ತದ್ರೀ. ನನ್ನ ಕಾಲು ಬಿದ್ದು ಹೋಗ್ಲಿಕತ್ತಾವ."

ನಾನೂರು ಜನ ಮೂರು ನಿಮಿಷ ಒಂದು ಬೆನ್ನು ನೋಡುತ್ತಾ ನಿಶ್ಶಬ್ದವನ್ನು ಕೇಳಿದರು. ಮಾರನೆಯ ದಿನ ಲುಬ್ನಾ ಆ ಸೌಲಭ್ಯವನ್ನು ತೆಗೆದುಹಾಕಿದರು. ಅಂದಿನಿಂದ ಕುಕ್ಕರಿನ ಸೀಟಿ, ಕೋಳಿ ಕೂಗು, ಅತ್ತೆಯ ಗೊಣಗು, ಎಲ್ಲ ಮಷೀನಿನ ಜೊತೆಗೇ ಬರುತ್ತವೆ.

ಬಕ್ರೀದ್‌ಗೆ ಇಪ್ಪತ್ತು ದಿನವಿರುವಾಗ ರಸೂಲ್ ಮನಸ್ಸು ಗಟ್ಟಿಮಾಡಿಕೊಂಡು ಒಂದು ದಿನದ ಮಟ್ಟಿಗೆ ಮಾಕಳಿಗೆ ಹೋಗಿಬಂದರು. ಕಾರ್ಖಾನೆಯಲ್ಲಿ ಒಳ್ಳೆಯ ಬೆಳಕು, ಫ್ಯಾನು, ಮರ್ಯಾದೆ. ಸತೀಶ್ ಒಂದು ಮಷೀನು ತೋರಿಸಿ ಏನಾಗಿದೆ ನೋಡಿ ಎಂದರು. ಸುತ್ತ ಇನ್ನೂರು ಮಷೀನು ಒಟ್ಟಿಗೆ ಓಡುತ್ತಿದ್ದವು. ರಸೂಲ್ ಕಣ್ಣು ಮುಚ್ಚಿ ನಿಂತರು, ಬಗ್ಗಿ ನೋಡಿದರು, ಕೊನೆಗೆ ಎಲ್ಲರಂತೆ ಬಿಚ್ಚಿ ನೋಡಿ ಸರಿಮಾಡಿದರು. "ಇನ್ನೂರು ಜನ ಒಟ್ಟಿಗೆ ಕೂಗ್ತಿದ್ರೆ ಯಾರ್ ಕಷ್ಟ ಅಂತ ಕೇಳೋದು?" ಎನ್ನುತ್ತಾರೆ. "ಅವತ್ ಸಂಜೆ ಬಸ್ಸಲ್ಲಿ ಬರೋವಾಗ, ಇನ್ ಮೇಲೆ ನಾನು ಬರೀ ಸ್ಕ್ರೂಡ್ರೈವರು ಅನ್ನಿಸ್ತು." ಮನೆಗೆ ಬಂದು ಕೆಲಸ ಚೆನ್ನಾಗಿದೆ ಅಂದರು. ಜೈಬುನ್ನೀಸಾ ನಂಬಲಿಲ್ಲ, ಆದರೆ ಕರಾರು ಕರಾರೇ.

ಹಬ್ಬಕ್ಕೆ ಒಂಬತ್ತು ದಿನ ಉಳಿದಿತ್ತು. ಹಿಂದಿನ ರಾತ್ರಿ ಕರೆಂಟಿಲ್ಲದೆ ಲುಬ್ನಾರ ಫೋನು ಚಾರ್ಜಾಗದೆ, ಲೈವ್ ಎಂಟೂವರೆಗೆ ಶುರುವಾಯಿತು. ನೋಡುಗರು ಅರವತ್ತೇ ಜನ. ಸ್ವಂತ ಫೋನಿರುವ ಶರಣವ್ವ ಸಾಲಿನಲ್ಲಿದ್ದರು. ಅವರು ಮಷೀನು ಓಡಿಸುತ್ತಿದ್ದಾಗ ಯಲಹಂಕದ ವಾಯುನೆಲೆಯ ಕಡೆಯಿಂದ, ಬೆಳಗಿನ ಆರಕ್ಕೆ ಎಂದೂ ಹಾರದ ವಿಮಾನವೊಂದು ಅಂಗಡಿಯ ಮೇಲೆ ಹಾದುಹೋಯಿತು. ತಗಡು ನಡುಗಿತು. ಸದ್ದು ಅಡಗಿದರೂ ಶರಣವ್ವನ ಪೆಡಲು ಮತ್ತೆ ಶುರುವಾಗಲಿಲ್ಲ.

"ಚಾಚಾ, ನಿಮ್ಮ ತಲಿ ಮ್ಯಾಲೂ ವಿಮಾನ ಹೋತೇನ್ರಿ?"

"ಹೂಂ ಕಣಮ್ಮ."

"ನಮ್ಮ ಮ್ಯಾಲೂ ಈಗ ಹೋತು. ನೀವು ಯಾವೂರಾಗ ಇದ್ದೀರಿ?"

"ಯಲಹಂಕ. ಹಳೇ ಊರು, ಪೇಟೆ ಬೀದಿ."

"ನಾ ಇಲ್ಲೇ ನಿಮ್ಮ ಬಾಜೂಕ, ಅಟ್ಟೂರಾಗ ಇದ್ದೀನ್ರೀ. ಎರಡು ತಿಂಗಳಾತು, ನಾ ನಿಮ್ಮನ್ನ ಹೈದರಾಬಾದ್ ಅಂತ ತಿಳ್ಕೊಂಡೀನಿ."

"ನಾನು ನಿಮ್ಮನ್ನ ಜೇವರ್ಗಿ ಅಂದ್ಕೊಂಡಿದ್ದೆ," ಎಂದರು ರಸೂಲ್. ಅಂದು ಮೊದಲ ಬಾರಿಗೆ ಅವರು ಗೋಡೆ ಬಿಟ್ಟು ಕ್ಯಾಮೆರಾದ ಕಡೆ ತಿರುಗಿದರು. ಶರಣವ್ವ ಕೇಳಿದ ಮುಂದಿನ ಪ್ರಶ್ನೆ: "ಅಂಗಡಿ ಅದೇನ್ರಿ ನಿಮ್ದು?"

ಐವತ್ತೊಂಬತ್ತು ದಿನ, ಐನೂರಕ್ಕೂ ಹೆಚ್ಚು ಕರೆ. ಅಂಗಡಿಯೊಂದಿದೆ ಎಂಬ ಮಾತು ರಸೂಲರ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ಯಾಕೆಂದು ಕೇಳಿದರೆ ಈಗಲೂ ಮುಜುಗರ ಪಡುತ್ತಾರೆ. "ಪಾಪ, ಅವ್ರು ಕಷ್ಟ ಹೇಳ್ಕೊಂಡ್ ಕೂತಿರ್ತಾರೆ. ನಡುವೆ ನಮ್ ಅಂಗಡಿಗ್ ಬನ್ನಿ ಅನ್ನೋದು ನಂಗೆ ಸರಿ ಹೋಗಲ್ಲ." ಲುಬ್ನಾ ವಿಳಾಸ ಹಾಕಿದ್ದರು, ವಿಡಿಯೊದ ಕೆಳಗೆ, ಇಂಗ್ಲಿಷಿನಲ್ಲಿ, 'ಇನ್ನಷ್ಟು' ಎಂಬುದನ್ನು ಒತ್ತಿದರೆ ಕಾಣುವಂತೆ. ಗಂಡ ಏಳುವ ಮುನ್ನ ಮಷೀನು ತೋರಿಸಬೇಕಾದ ಹೆಂಗಸರು ಇನ್ನಷ್ಟನ್ನು ಒತ್ತಲು ಹೋಗಿರಲಿಲ್ಲ.

ಹನ್ನೊಂದು ಗಂಟೆಗೆ ಶರಣವ್ವ ಆಟೊದಲ್ಲಿ ಬಂದಿಳಿದರು. ತೊಡೆಯ ಮೇಲೆ ಒಂದು ಮಷೀನು, ಕಾಲ ಬಳಿ ನೆರೆಮನೆಯವರದ್ದು ಇನ್ನೊಂದು. ಎರಡು ತಿಂಗಳಿಂದ ಬಲ್ಲ ಬೆನ್ನಿನ ಮುಖವನ್ನು ಒಂದು ಗಳಿಗೆ ನೋಡಿ, ಕೂರಲು ಸ್ಟೂಲು ಕೇಳಿದರು. ರಸೂಲ್ ಬಿಚ್ಚಿ ತೋರಿಸಿದರು: ಫೋನಿನಲ್ಲಿ ಹೇಳಿದ್ದೆಲ್ಲ ಸರಿಯೇ, ಆದರೆ ಒಳಗೆ ಎಂಟು ವರ್ಷದ ಧೂಳು, ಸವೆದ ಹುಕ್ಕು. ವರ್ಷಕ್ಕೊಮ್ಮೆ ಬಿಚ್ಚಲೇಬೇಕಮ್ಮ ಎಂದರು. ಇದನ್ನು ಲೈವ್‌ನಲ್ಲಿ ಯಾಕೆ ಹೇಳಲಿಲ್ಲ ಎಂದು ಶರಣವ್ವ ಗದರಿದರು. ಮರುದಿನ ಬೆಳಿಗ್ಗೆ ಆರಕ್ಕೆ ಅವರೇ ಕರೆ ಮಾಡಿ, ನಾನೂರು ಜನರೆದುರು, ಅಂಗಡಿಯ ವಿಳಾಸವನ್ನು ನಿಧಾನವಾಗಿ ಎರಡು ಸಲ ಹೇಳಿದರು. ರಸೂಲ್ ಅಷ್ಟೂ ಹೊತ್ತು ತಲೆ ತಗ್ಗಿಸಿಕೊಂಡು ಕೂತಿದ್ದರು.

ಅದರ ಮಾರನೆಯ ದಿನ ಐದು ಮಷೀನು ಬಂದವು. ಆಮೇಲೆ ಎಂಟು. ವಿಜಯಪುರದಿಂದ ಒಬ್ಬರು ಮಷೀನಿನ ತಲೆಯನ್ನಷ್ಟೇ ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಕಳಿಸಿದರು. ಬಕ್ರೀದಿನ ಹಿಂದಿನ ದಿನ ಜೈಬುನ್ನೀಸಾ ಅಂಗಡಿಗೆ ಬಂದು ಎಣಿಸಿದರು: ಅಂದು ಬಂದವೇ ಹದಿನಾಲ್ಕು. ಎರಡನೆಯ ಸಲವೂ ಎಣಿಸಿದರು. ಆಮೇಲೆ ಮಾಕಳಿಗೆಂದು ತೆಗೆದಿಟ್ಟಿದ್ದ ಟಿಫಿನ್ ಡಬ್ಬಿಯಲ್ಲಿ ಗಂಡನಿಗೆ ಅಂಗಡಿಗೇ ಊಟ ತಂದುಕೊಟ್ಟರು.

ಸತೀಶರಿಗೆ ಬೇಸರವಾಗಲಿಲ್ಲ. ಈಗ ಬುಧವಾರಗಳಂದು ಮಾಕಳಿಯಲ್ಲಿ ಊಟದ ವಿರಾಮಕ್ಕೆ ಎಲ್ಲ ಮಷೀನೂ ನಿಂತಾಗ ರಸೂಲ್ ಹೋಗುತ್ತಾರೆ. ಅರ್ಧ ಗಂಟೆ, ಒಂದೊಂದೇ ಮಷೀನು ಓಡಿಸಿ, ಖಾಲಿ ಹಾಲಿನಲ್ಲಿ ಗೋಡೆಗೆ ಮುಖ ಮಾಡಿ ಕೇಳುತ್ತಾರೆ. ಕೆಲಸದ ಹೆಂಗಸರು ಚಿತ್ರಾನ್ನದ ಡಬ್ಬಿ ಹಿಡಿದುಕೊಂಡೇ ನೋಡಲು ನಿಲ್ಲುತ್ತಾರಂತೆ. ಅವರಲ್ಲಿ ಹಲವರು 'ಮಷೀನ್ ಮಾತಿ'ನ ಕಾಯಂ ಕೇಳುಗರು.

ಚಾನೆಲ್ಲಿಗೆ ಈಗ ಮೂವತ್ತೊಂದು ಸಾವಿರ ಜನ. ಲಕ್ಷ ಮುಟ್ಟಬೇಕೆಂಬ ಆಸೆ ಇದೆಯೇ ಎಂದರೆ ಅದು ಮಗಳ ಲೆಕ್ಕ ಎನ್ನುತ್ತಾರೆ. ತಮ್ಮ ಆಸೆ ಬೇರೆ. "ಒಂದಿನ ಲೈವ್‌ಗೆ ಕೂರ್ಬೇಕು, ಒಂದ್ ಫೋನೂ ಬರ್ಬಾರ್ದು. ಕರ್ನಾಟಕದಲ್ಲಿರೋ ಎಲ್ಲಾ ಮಷೀನೂ ಚೆನ್ನಾಗಿ ಓಡ್ತಿರ್ಬೇಕು. ನಾನು ಸುಮ್ನೆ ಚಾ ಕುಡೀತಾ ಕೂತಿರ್ಬೇಕು."

ಮೂಲೆಯಲ್ಲಿ ಬಾಬಿನ್‌ಗಳನ್ನು ಡಬ್ಬಿಗೆ ತುಂಬುತ್ತಿದ್ದ ಜೈಬುನ್ನೀಸಾ ತಲೆ ಎತ್ತುವುದಿಲ್ಲ. "ಆರು ಬಿಟ್ಟು," ಎನ್ನುತ್ತಾರೆ.

ರಸೂಲ್ ಗೋಡೆಯ ಕಡೆ ತಿರುಗಿ ಕೂರುತ್ತಾರೆ.

"ಹೂಂ, ಆರು ಬಿಟ್ಟು."