ಭಾರವಿಲ್ಲದ ಊರಿನ ಬಸಿರು

ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ವಾಸನೆ ಮೂಗಿಗೆ ಬಿದ್ದರೆ ಸಾಕು ನೋಡಿ, ಹೊಸಪೇಟೆಯ ಈ ಐವತ್ತು ದಾಟಿದ ಹೆಂಗಸು ಲಂಗ ತೊಟ್ಟ ಹುಡುಗಿಯಾಗಿಬಿಡುತ್ತಾಳೆ. ಮೊನ್ನೆ ಬುಕ್ಕಸಾಗರಕ್ಕೆ ಹೋದಾಗಲೂ ಹಾಗೇ ಆಯಿತು. ಚಿಗವ್ವ, ಅಂದರೆ ನನ್ನ ಕಾಕಾನ ಹೆಂಡತಿ, ಅಂಗಳದಲ್ಲಿ ಕೂತು ಕೊಡ ಬೆಳಗುತ್ತಿದ್ದಳು.

ನನ್ನ ರಜೆಗಳೆಲ್ಲ ಆ ಮನೆಯಲ್ಲೇ ಕಳೆದವು. ಆಗ ಚಿಗವ್ವ ತಲೆಯ ಮೇಲೆ ಎರಡು ಕೊಡ, ಸೊಂಟದಲ್ಲೊಂದು ಹೊತ್ತು, ಗದ್ದೆಯ ಬದುವಿನ ಮೇಲೆ ಹರಟುತ್ತ ಬರುತ್ತಿದ್ದಳು. ಹನಿ ನೀರು ತುಳುಕುತ್ತಿರಲಿಲ್ಲ. ನಾನೊಂದು ಚೊಂಬು ಹಿಡಿದು, ಅರ್ಧ ಚೆಲ್ಲಿಕೊಂಡು ಹಿಂದೆ ಓಡುತ್ತಿದ್ದೆ. "ಲೇ, ನೀರು ತರಾಕ ಬಂದೀಯೋ, ದಾರಿ ತೊಳಿಯಾಕ ಬಂದೀಯೋ?" ಎಂದು ನಗುತ್ತಿದ್ದಳು.

ಆಕೆಯ ಬಸಿರು ನಿಲ್ಲಲಿಲ್ಲ. ಒಮ್ಮೆಯಲ್ಲ, ಮತ್ತೆ ಮತ್ತೆ. "ಬ್ಯಾಡ ಬ್ಯಾಡ ಅಂದ್ರೂ ಕೊಡ ಹೊತ್ಲು, ಇಳೀತು" ಎಂದು ಅಜ್ಜಿ ಊರಿಗೆಲ್ಲ ಸಾರಿದಳು. ಹಾಗಲ್ಲವೆಂದು ಡಾಕ್ಟರಮ್ಮ ಹೇಳಿದರೂ ಕೇಳುವವರಾರು? ಕಾಕಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹುಟ್ಟದ ಮಕ್ಕಳ ಪಾಲಿನ ಮುದ್ದು, ಕೆನೆಮೊಸರು, ಶೇಂಗಾ ಹೋಳಿಗೆ ಎಲ್ಲ ನನ್ನ ಹೊಟ್ಟೆಗೇ ಬಿತ್ತು. ಈ ಮೈ ಸುಮ್ಮನೆ ಬಂದದ್ದಲ್ಲ. ಆದರೆ ಬದುವಿನ ಮೇಲಿನ ಆ ಹರಟೆ ನಿಂತೇಹೋಯಿತು.

ಮೊನ್ನೆ ಮಾತಿಗೆ ಮಾತು ಬಂದು, ಫೋನಿನಲ್ಲಿ ಓದಿದ್ದನ್ನು ಹೇಳತೊಡಗಿದೆ. ನನಗೆ ಮೇಷ್ಟರಿಕೆ ಮಾಡುವ ಚಟ, ಇರಲಿ ಬಿಡಿ. ಬಾಹ್ಯಾಕಾಶದಲ್ಲಿರುವಂಥ ಭಾರವಿಲ್ಲದ ಸ್ಥಿತಿಯಲ್ಲಿ ಇಲಿಗಳ ವೀರ್ಯಾಣು, ಅಂಡಗಳನ್ನು ಇಟ್ಟು ನೋಡಿದರಂತೆ. ವೀರ್ಯಾಣುಗಳು ದಾರಿ ತಪ್ಪುತ್ತವಂತೆ.

"ಗಂಡಸ್ರು ಎಲ್ಲಿ ಹೋದ್ರೂ ಅಷ್ಟ ಬಿಡು," ಎಂದಳು ಚಿಗವ್ವ.

"ಕೂಡಿದ ಮ್ಯಾಲೂ ಕೆಲವು ಪಿಂಡ ಬೆಳಿಯಾಂಗಿಲ್ಲಂತ. ನಡುವ ನಿಂತುಬಿಡ್ತಾವಂತ."

ತಿಕ್ಕುತ್ತಿದ್ದ ಕೈ ನಿಂತಿತು. "ಅಲ್ಲಿ ಭಾರನ ಇಲ್ಲಂದಿ?"

"ಇಲ್ಲ."

"ಕೊಡ ಇಲ್ಲ, ಹೊರೆ ಇಲ್ಲ. ಆದ್ರೂ ಉಳಿಯಾಂಗಿಲ್ಲ?"

ಇಲಿಯ ಲೆಕ್ಕ ಬೇರೆ, ಮನುಷ್ಯರದ್ದು ಬೇರೆ ಎನ್ನಲು ಬಾಯಿ ತೆರೆದವಳು ಆಕೆಯ ಮುಖ ನೋಡಿ ಮುಚ್ಚಿದೆ. ಭಾರ ಹೊತ್ತದ್ದರಿಂದಲ್ಲ ಎಂದೇ ತಾನೆ ಡಾಕ್ಟರಮ್ಮನೂ ಅಂದು ಹೇಳಿದ್ದು? "ನೀ ಕೊಡ ಹೊತ್ತಿದ್ದಕ್ಕಲ್ಲ, ಚಿಗವ್ವ," ಎಂದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಕಾ ಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದ.

"ಅದನ್ನ ಫೋನ್‌ನಾಗಿಂದ ಮತ್ತ ಓದು," ಎಂದಳು. "ಜೋರಾಗಿ ಓದು. ನಿಮ್ಮ ಕಾಕಾಗೂ ಕೇಳ್ಲಿ."