ಮೂರು ಬಾಯಲ್ಲಿ ಒಂದೇ ಮಾತು

ಕೃತಕ ಬುದ್ಧಿಮತ್ತೆ ತಪ್ಪು ಸಲಹೆ ಕೊಟ್ಟರೆ ಹೊಣೆ ಯಾರದು ಎಂಬುದು ನಾನು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ವಿಷಯ. ಈಚಿನ ಒಂದು ಬೇಸಿಗೆಯಲ್ಲಿ ಕೊಪ್ಪದ ಕಡೆ ಹೋಗಿದ್ದೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಕೃಷಿ ಸಲಹೆ ಕೊಡುವ ಒಂದು ಆ್ಯಪ್ ಬಗ್ಗೆ ಜನರನ್ನು ಕೇಳಿ, ಅವರ ಒಪ್ಪಿಗೆ ಪಡೆದು ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ.

ಮೊದಲು ಸಿಕ್ಕವರು ಮೇಗುಂದದ ಒಬ್ಬ ಹೆಂಗಸು. ತೋಟವನ್ನು ಒಬ್ಬರೇ ನೋಡಿಕೊಳ್ಳುವವರು. ಎಲೆಚುಕ್ಕೆ ರೋಗ ತಗುಲಿ ಅವರ ಅಡಿಕೆ ಮರಗಳು ಸೊರಗುತ್ತಿದ್ದವು.

"ಎಂತ ಮಾಡದು ಮಾರಾಯ್ತಿ, ಯಾರನ್ನ ಕೇಳದು? ಇದನ್ನೇ ಕೇಳ್ತಾ ಕೂತ್ಕಳದು" ಎಂದು ಫೋನ್ ತೋರಿಸಿದರು.

"ಅದು ಹೇಳಿದ್ದು ತಪ್ಪಾದ್ರೆ?"

ಅವರು ಸುಮ್ಮನಾದರು. ತಲೆ ನಿಧಾನಕ್ಕೆ ಒಂದು ಕಡೆ ವಾಲಿತು. ಆಮೇಲೆ, ಓದಿ ಹೇಳಿದಂಥ ಕನ್ನಡದಲ್ಲಿ, "ನಿಮ್ಮ ಆತಂಕ ಸಹಜವಾದದ್ದು. ಬನ್ನಿ, ಒಂದೊಂದಾಗಿ ನೋಡೋಣ" ಎಂದರು. ಮರುಕ್ಷಣ ಏನೂ ಆಗದವರಂತೆ ಕಾಫಿ ತರಲು ಎದ್ದು ಹೋದರು. ಆ್ಯಪಿನ ಮಾತು ಬಾಯಿಗೆ ಹತ್ತಿದೆ ಎಂದುಕೊಂಡು ನಾನು ಒಳಗೊಳಗೇ ನಕ್ಕೆ.

ಮರುದಿನ ಬಾಳೆಹೊನ್ನೂರಿನಲ್ಲಿ ಕಾಳುಮೆಣಸು ಕೊಳ್ಳುವ ವ್ಯಾಪಾರಿಯೊಬ್ಬರ ಅಂಗಡಿಗೆ ಹೋದೆ. ವಯಸ್ಸಾದವರು, ಮಧ್ಯಾಹ್ನದ ನಮಾಜು ಮುಗಿಸಿ ಆಗಷ್ಟೇ ಬಂದು ಕೂತಿದ್ದರು. "ಆ್ಯಪು ಗೀಪು ನಮಗೆ ಗೊತ್ತಿಲ್ಲ ಮೇಡಂ. ಈ ಫೋನಲ್ಲಿ ಮಾತಾಡದು ಬಿಟ್ರೆ ಬೇರೆ ಎಂತದೂ ಬರದಿಲ್ಲ" ಎಂದು ಗುಂಡಿಯೊತ್ತುವ ಹಳೇ ಫೋನ್ ತೋರಿಸಿದರು. ಅಷ್ಟರಲ್ಲಿ ಗಿರಾಕಿಯೊಬ್ಬ ಬಂದು ತನ್ನ ಮೂಟೆ ಅದಲುಬದಲಾಗಿದೆ ಎಂದು ಕೂಗಾಡತೊಡಗಿದ. ಅವರು ಉತ್ತರ ಕೊಡುವ ಮೊದಲು ಸುಮ್ಮನಾದರು. ತಲೆ ಒಂದು ಕಡೆ ವಾಲಿತು.

"ನಿಮ್ಮ ಆತಂಕ ಸಹಜವಾದದ್ದು. ಬನ್ನಿ, ಒಂದೊಂದಾಗಿ ನೋಡೋಣ."

ಗಿರಾಕಿ ತಣ್ಣಗಾದ. ಅವನು ಹೋದ ಮೇಲೆ, ಆ ಮಾತು ಎಲ್ಲಿ ಕಲಿತಿರಿ ಎಂದು ಕೇಳಿದೆ.

"ಯಾವ ಮಾತು?"

ರೆಕಾರ್ಡ್ ಹಾಕಿ ಕೇಳಿಸಿದೆ. ಇನ್ನೊಮ್ಮೆ ಹಾಕಿ ಎಂದರು. ಕೇಳಿ, ಫೋನನ್ನು ನನ್ನ ಕಡೆಗೆ ತಳ್ಳಿದರು. "ದನಿ ನಂದೇ. ಆದ್ರೆ ಹಿಂಗೆ ನಾನು ಹೇಳಿಲ್ಲ ಮೇಡಂ."

ಹೊರಗೆ ಸುಡುಬಿಸಿಲು. ಬಸ್ಸಿನಲ್ಲಿ ಯಾರು ಬಾಯಿ ತೆರೆದರೂ ತಲೆ ವಾಲುತ್ತದೆಯೇ ಎಂದು ನೋಡುತ್ತಿದ್ದೆ. ಶೃಂಗೇರಿಯ ಹತ್ತಿರ ಮೆಣಸೆಯಲ್ಲಿರುವ ಚಿಕ್ಕಮ್ಮನ ಮನೆ ತಲುಪಿ ಕದ ಹಾಕಿಕೊಂಡಾಗಲೇ ಉಸಿರು ಬಂದದ್ದು.

ಬೆಳಿಗ್ಗೆ ಕೊಟ್ಟಿಗೆಯಿಂದ ಚಿಕ್ಕಮ್ಮನ ದನಿ ಕೇಳಿಸಿತು. ಆಗಷ್ಟೇ ಕರು ಹಾಕಿದ್ದ ಹಸು ಕೆಚ್ಚಲು ಮುಟ್ಟಗೊಡುತ್ತಿರಲಿಲ್ಲ. ಅದರ ಮುಂದೆ ತಲೆ ವಾಲಿಸಿ ನಿಂತು ಚಿಕ್ಕಮ್ಮ ಹೇಳುತ್ತಿದ್ದಳು: "ನಿಮ್ಮ ಆತಂಕ ಸಹಜವಾದದ್ದು."

ಜೀವಮಾನದಲ್ಲಿ ಹಸುವಿಗೆ ಬಹುವಚನ ಬಳಸಿದವಳಲ್ಲ ಅವಳು.

"ಯಾರ ಹತ್ರ ಕಲ್ತೆ ಚಿಕ್ಕಮ್ಮ, ಆ ಮಾತು?"

"ಕಲಿಯದೆಂತ ಕೂಸೇ? ಎಲ್ಲರೂ ಹಂಗೇ ಹೇಳದಲ್ದಾ, ಮೊದಲಿಂದ್ಲೂ."

ಊರಿಗೆ ಮರಳಿ ಆ್ಯಪ್ ತಯಾರಿಸಿದವರಿಗೆ ಫೋನ್ ಮಾಡಿದೆ. ಅಲ್ಲಿನ ಇಂಜಿನಿಯರ್ ಒಬ್ಬರು ಹುಡುಕಿ ನೋಡಿ, ಆ ವಾಕ್ಯವನ್ನು ಎಂದೋ ತೆಗೆದುಹಾಕಿದ್ದೇವೆ, ಈಗ ಅದು ಎಲ್ಲೂ ಇಲ್ಲ ಎಂದರು. ನನ್ನ ವಿಭಾಗದ ಹಿರಿಯರು, ಸಿನಿಮಾದ ಮಾತು ಹಬ್ಬುವುದಿಲ್ಲವೇ, ಹಾಗೇ ಇದೂ ಎಂದರು. ಸಿನಿಮಾದ ಮಾತು ಆಡುವವನಿಗೆ ತಾನು ಆಡಿದ್ದು ಗೊತ್ತಿರುತ್ತದೆ ಎಂದೆ.

ಮಳೆಗಾಲ ಕಳೆದ ಮೇಲೆ ಮತ್ತೆ ಮೇಗುಂದಕ್ಕೆ ಹೋದೆ. ತೋಟ ಚೇತರಿಸಿಕೊಂಡಿತ್ತು, ಮರಗಳಲ್ಲಿ ಹೊಸ ಸುಳಿ ಎದ್ದಿತ್ತು. ಆ್ಯಪ್ ಹೇಳಿದ ಔಷಧಿ ಸರಿಯಾಗಿಯೇ ಇತ್ತು. ತಪ್ಪಾದರೆ ಯಾರು ಹೊಣೆ ಎಂದು ಇಷ್ಟು ವರ್ಷ ಕೇಳುತ್ತಾ ಬಂದ ನನಗೆ ಅಲ್ಲಿ ಬರೆದುಕೊಳ್ಳಲು ಒಂದೂ ತಪ್ಪು ಸಿಗಲಿಲ್ಲ.

ಆ ಹೆಂಗಸಿಗೆ ಅವರದೇ ದನಿಯ ರೆಕಾರ್ಡ್ ಹಾಕಿ ಕೇಳಿಸಿದೆ. ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡರು.

"ಅದನ್ನ ಅಳಿಸಿಬಿಡು ಮಾರಾಯ್ತಿ."

ದನಿ ಕೊಟ್ಟವರು ಬೇಡವೆಂದರೆ ಅಳಿಸಬೇಕೆಂಬುದು ನಮ್ಮ ಸಂಶೋಧನೆಯ ನಿಯಮ. ಅವರೆದುರೇ ಅಳಿಸಿದೆ.

"ಹೋಯ್ತಾ?"

"ಹೋಯ್ತು."

"ನನ್ನ ಬಾಯಿಂದ?"

ಏನಾದರೂ ಸಮಾಧಾನ ಹೇಳೋಣವೆಂದು ಬಾಯಿ ತೆರೆದವಳು, ಯಾವ ಮಾತು ಬಂದೀತೋ ಎಂದು ಹೆದರಿ, ಅವರ ಕೈಯನ್ನಷ್ಟೇ ಹಿಡಿದುಕೊಂಡು ಕೂತೆ.